ರೋಗದ ಹೆಸರನ್ನು ನಾವೇ ಇಟ್ಟುಕೊಂಡಾಗ

ಮನಸ್ಸಿನ ಕಾಯಿಲೆಯನ್ನು ತಾವೇ ಪತ್ತೆ ಹಚ್ಚಿಕೊಳ್ಳುವವರು ಎಂದೊಡನೆ ಕಣ್ಣಿಗೆ ಬರುವುದು ಮೊಬೈಲ್ ಹಿಡಿದ ಹರೆಯದವರು. ರೀಲ್ಸ್‌ನಲ್ಲಿ ಕಂಡ ನಾಲ್ಕೈದು ಲಕ್ಷಣಗಳನ್ನು ತಮಗೆ ಹೊಂದಿಸಿಕೊಂಡು ‘ನನಗೆ ಎಡಿಎಚ್‌ಡಿ ಇದೆ’, ‘ನನ್ನದು ಬೈಪೋಲಾರ್’ ಎಂದು ತೀರ್ಮಾನಿಸುವವರು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲೂ ಅಂಥವರು ಈಗ ಇದ್ದಾರೆ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ಪಿ.ಜಿ. ಹಿಡಿದು ಪರೀಕ್ಷೆಗೆ ಓದುವ ಈ ಕಡೆಯ ಹುಡುಗ ಹುಡುಗಿಯರಿಗೆ ಡಿಪ್ರೆಶನ್, ಆಂಗ್ಸೈಟಿ, ಓಸಿಡಿ ಎಂಬ ಮಾತುಗಳು ಟೆನ್ಶನ್ ಎಂಬಷ್ಟೇ ಸಲೀಸು. ಆದರೆ ಈ ಮೂರು ತಾಲ್ಲೂಕುಗಳ ಮಟ್ಟಿಗೆ ಪ್ರಶ್ನೆಯನ್ನು ಅವರಲ್ಲಿಗೇ ನಿಲ್ಲಿಸಿದರೆ ಅರ್ಧ ನೋಡಿದಂತೆ. ತಿಂಗಳುಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಎದೆ ಡವಡವ ಎನ್ನುತ್ತಿರುವ ಹೆಂಗಸು ‘ಗ್ಯಾಸ್ ಆಗ್ಯಾದ’ ಎಂದು ಗುಳಿಗೆ ನುಂಗುವುದು, ‘ಅಶಕ್ತಿ ಆಗ್ಯಾದ’ ಎಂದು ಸಲಾಯಿನ್ ಹಚ್ಚಿಸಿಕೊಳ್ಳುವುದು, ಮನೆಯವರು ‘ಗಾಳಿ ಸೋಕ್ಯಾದ’ ಎಂದು ತಾಯಿತ ಕಟ್ಟಿಸುವುದು, ಇವೆಲ್ಲವೂ ತಾವೇ ಮಾಡಿಕೊಂಡ ರೋಗನಿರ್ಣಯಗಳೇ. ಒಬ್ಬರು ಇದೆಯೋ ಇಲ್ಲವೋ ತಿಳಿಯದ ಮನೋರೋಗವನ್ನು ಹಚ್ಚಿಕೊಳ್ಳುತ್ತಾರೆ, ಇನ್ನೊಬ್ಬರು ಇರುವುದನ್ನೇ ಬೇರೆ ಹೆಸರಿನ ಅಡಿಯಲ್ಲಿ ಮುಚ್ಚುತ್ತಾರೆ. ಎರಡೂ ಕಡೆ ನಡೆಯುವುದು ಒಂದೇ: ಹೆಸರು ಸಿಕ್ಕ ಕೂಡಲೇ ಹುಡುಕಾಟ ನಿಲ್ಲುತ್ತದೆ. ಈ ಲೇಖನದ ತಕರಾರು ಇರುವುದು ಜನ ತಮ್ಮ ಮನಸ್ಸಿನ ಬಗ್ಗೆ ಯೋಚಿಸುವುದರ ಮೇಲಲ್ಲ, ಹುಡುಕಾಟ ಹೀಗೆ ಅರ್ಧಕ್ಕೇ ನಿಲ್ಲುವುದರ ಮೇಲೆ.

ಎರಡರಲ್ಲಿ ಯಾವುದು ದೊಡ್ಡದು ಎನ್ನುವುದಕ್ಕೆ ಲೆಕ್ಕ ಇದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಆ ಹೊತ್ತಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. ಅಂಥವರಲ್ಲಿ ಚಿಕಿತ್ಸೆ ಸಿಗದೆ ಉಳಿದವರು, ಕಾಯಿಲೆಯಿಂದ ಕಾಯಿಲೆಗೆ ಬದಲಾಗುತ್ತಾ, ಶೇ 70ರಿಂದ 92. ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ, ಹಾಗಾಗಿ ರಾಯಚೂರು ಜಿಲ್ಲೆಗೆ ಈ ಅಂಕಿಗಳನ್ನು ನೇರವಾಗಿ ಹಚ್ಚುವಂತಿಲ್ಲ. ಆದರೂ ಬೆಂಗಳೂರಿನಿಂದ ಇಷ್ಟು ದೂರದ, ಹಿಂದುಳಿದ ಪ್ರದೇಶವೆಂದು ಸಂವಿಧಾನದ 371(ಜೆ) ವಿಧಿಯ ಆಸರೆ ಬೇಕಾದ ಜಿಲ್ಲೆಯೊಂದರಲ್ಲಿ ಪರಿಸ್ಥಿತಿ ಇದಕ್ಕಿಂತ ಚೆನ್ನಾಗಿದ್ದೀತು ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಅಂದರೆ ಇಲ್ಲಿ ಹೆಚ್ಚಿನ ತಪ್ಪು ನಿರ್ಣಯಗಳು ‘ನನಗೇನೂ ಆಗಿಲ್ಲ’ ಎನ್ನುವ ಬಗೆಯವು. ರೀಲ್ಸ್ ನೋಡಿ ಹೆದರುವವರನ್ನು ಗೇಲಿ ಮಾಡುವ ಮೊದಲು ಇದನ್ನು ನೆನಪಿಡಬೇಕು. ಆ ಹುಡುಗರು ಕೊನೆಗೆ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂಬಷ್ಟನ್ನಾದರೂ ಒಪ್ಪಿಕೊಂಡಿದ್ದಾರೆ.

ಮನಸ್ಸಿನ ಲಕ್ಷಣಗಳ ತೊಡಕೆಂದರೆ ಅವು ಯಾವ ಒಂದು ಕಾಯಿಲೆಯ ಸ್ವತ್ತೂ ಅಲ್ಲ. ಸುಸ್ತು, ನಿರಾಸಕ್ತಿ, ಗಮನ ನಿಲ್ಲದಿರುವುದು, ಸಿಡುಕು, ನಿದ್ದೆಗೇಡು: ಈ ಐದನ್ನು ಹಿಡಿದು ಖಿನ್ನತೆಗೂ ಹೋಗಬಹುದು, ಆತಂಕದ ಕಾಯಿಲೆಗೂ ಹೋಗಬಹುದು, ರಕ್ತಹೀನತೆಗೂ ಹೋಗಬಹುದು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡಂತೆ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಭತ್ತದ ನಾಟಿಗೋ ಹತ್ತಿ ಬಿಡಿಸುವುದಕ್ಕೋ ಹೋಗಿ ಬಂದು, ಮನೆಗೆಲಸ ಮುಗಿಸಿ, ಯಾವುದಕ್ಕೂ ಮನಸ್ಸಿಲ್ಲದೆ ಕೂರುವ ಹೆಂಗಸಿಗೆ ಮೊದಲು ಬೇಕಾದದ್ದು ಹಿಮೋಗ್ಲೋಬಿನ್ ಪರೀಕ್ಷೆ. ಥೈರಾಯ್ಡ್ ಗ್ರಂಥಿ ಮಂದವಾದರೂ ಇದೇ ಚಿತ್ರ, ಅದು ಅತಿಯಾಗಿ ಕೆಲಸ ಮಾಡಿದರೆ ಥೇಟ್ ಆತಂಕದ ಕಾಯಿಲೆಯಂತೆ ಎದೆಬಡಿತ, ಬೆವರು, ನಡುಕ. ಬಿ12 ಕೊರತೆ ಮರೆವನ್ನೂ ಮಂಕನ್ನೂ ಕೈಕಾಲು ಜೋಮನ್ನೂ ತರುತ್ತದೆ. ಮಾಂಸ ಮೊಟ್ಟೆ ಮುಟ್ಟದ, ಹಾಲೂ ಹೆಚ್ಚು ಸಿಗದ ಮನೆಗಳಲ್ಲಿ ಅದು ಅಪರೂಪವಲ್ಲ. ಮೆದುಳಿನ ಒಂದು ಭಾಗಕ್ಕೆ ಸೀಮಿತವಾದ ಮೂರ್ಛೆರೋಗದಲ್ಲಿ ಮೈ ಅದುರದೆ ಬರೀ ವಿಚಿತ್ರ ಭಯ, ಅಸಂಬದ್ಧ ಮಾತು, ಕ್ಷಣಕಾಲದ ಶೂನ್ಯನೋಟ ಇರಬಹುದು. ಇದನ್ನೇ ದೆವ್ವದ ಲೆಕ್ಕಕ್ಕೆ ಹಾಕಿದ ಮನೆಗಳೆಷ್ಟೋ. ರಾಯಚೂರು ಜಿಲ್ಲೆಯ ಹಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದ ಕೀಲು ಹಿಡಿದು ವರ್ಷಗಟ್ಟಲೆ ನೋಯುವವರ ನಿದ್ದೆಯೂ ಹುರುಪೂ ಹೋಗಿರುತ್ತದೆ. ‘ನನಗೆ ಡಿಪ್ರೆಶನ್’ ಎಂದು ನಿರ್ಧರಿಸಿ ಪ್ರೇರಣಾ ಭಾಷಣಗಳ ವಿಡಿಯೊ ನೋಡುತ್ತಾ ಕೂತವರು ಒಂದು ರಕ್ತ ಪರೀಕ್ಷೆಯಲ್ಲಿ ಬಗೆಹರಿಯಬಹುದಾದುದನ್ನು ವರ್ಷಗಟ್ಟಲೆ ಹೊತ್ತು ತಿರುಗಬಹುದು. ಸ್ವಂತ ನಿರ್ಣಯದ ಅಪಾಯಗಳಲ್ಲಿ ಅತಿ ಕಡಿಮೆ ಚರ್ಚೆಗೆ ಬರುವುದು ಇದು, ಈ ಭಾಗದಲ್ಲಿ ಅತಿ ಮುಖ್ಯವಾದದ್ದೂ ಇದೇ ಎಂದು ನನ್ನ ಎಣಿಕೆ.

ಲಕ್ಷಣಗಳು ಹೊಂದಿದ ಮಾತ್ರಕ್ಕೆ ಗುರುತು ಸಿಕ್ಕಂತಲ್ಲ ಎನ್ನುವುದಕ್ಕೆ ಮಸ್ಕಿಯಷ್ಟು ಒಳ್ಳೆಯ ಸಾಕ್ಷಿ ಬೇರೆಡೆ ಸಿಗದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದಿನ ರಾಜ ಸಿಕ್ಕಿದ, ಹೆಸರು ಮಾತ್ರ ಇರಲಿಲ್ಲ. ಸಿಂಹಳದಲ್ಲಿ ದೇವಾನಾಂಪಿಯ ತಿಸ್ಸ ಎಂಬ ಅರಸನಿದ್ದನೆಂದು ಗೊತ್ತಿದ್ದುದರಿಂದ ಪ್ರಿನ್ಸೆಪ್ ಮೊದಲು ಅವನೇ ಇವನೆಂದುಕೊಂಡ. ಬಿರುದು ಹೊಂದಿತ್ತು, ಆಸಾಮಿ ಬೇರೆ. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥಗಳನ್ನು ತಡಕಿ ಪಿಯದಸಿ ಎಂದರೆ ಅಶೋಕ ಎಂದು ತೋರಿಸಿಕೊಟ್ಟ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯಲ್ಲಿ ಕಂಡ ಬಂಡೆಯ ಮೇಲೆ ಅಶೋಕ ಎಂಬ ಹೆಸರೇ ಕೊರೆದಿದ್ದರಿಂದ ವಾದ ಗಟ್ಟಿಯಾಯಿತು. ಪ್ರಿನ್ಸೆಪ್ ದಡ್ಡನಲ್ಲ, ಲಿಪಿಯನ್ನೇ ಬಿಡಿಸಿದವನು. ಅವನ ಕೈಲಿದ್ದ ಆಧಾರ ಇಬ್ಬರಿಗೂ ಹೊಂದುವಂಥದ್ದಾಗಿತ್ತು, ಅಷ್ಟೇ. ಅವನ ಅದೃಷ್ಟವೆಂದರೆ ತಿದ್ದುವವನೊಬ್ಬ ಇದ್ದ.

ಇನ್ನು ಪ್ರಶ್ನಾವಳಿಗಳು. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇಂದು ಯಾರ ಮೊಬೈಲಿನಲ್ಲಾದರೂ ಎರಡು ನಿಮಿಷದಲ್ಲಿ ಅಂಕ ಕೊಡುತ್ತದೆ. ಅದು ಒಳ್ಳೆಯ ಸಾಧನವೇ. 2001ರಲ್ಲಿ ಪ್ರಕಟವಾದ ಮೂಲ ಅಧ್ಯಯನದಲ್ಲಿ 10 ಅಥವಾ ಹೆಚ್ಚು ಅಂಕವನ್ನು ಗಡಿಯಾಗಿಟ್ಟಾಗ ತೀವ್ರ ಖಿನ್ನತೆ ಇದ್ದವರಲ್ಲಿ ಶೇ 88ರಷ್ಟು ಮಂದಿಯನ್ನು ಅದು ಹಿಡಿಯಿತು, ಇಲ್ಲದವರಲ್ಲಿ ಶೇ 88ರಷ್ಟು ಮಂದಿಯನ್ನು ಸರಿಯಾಗಿ ಬಿಟ್ಟಿತು. ಕೇಳಲು ಭರ್ಜರಿ. ಈಗ ಇದನ್ನು ಸುಮ್ಮನೆ ಊರ ಜನರ ಮೇಲೆ ಹಾಕಿ ನೋಡೋಣ. ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಖಿನ್ನತೆ ಕಂಡದ್ದು ಶೇ 2.7ರಷ್ಟು ವಯಸ್ಕರಲ್ಲಿ. ಸಾವಿರ ಮಂದಿಯಲ್ಲಿ 27 ಜನ. ಪಟ್ಟಿ ಅವರಲ್ಲಿ 24 ಮಂದಿಯನ್ನು ಹಿಡಿಯುತ್ತದೆ. ಉಳಿದ 973 ಜನರಲ್ಲಿ ಶೇ 12, ಅಂದರೆ 117 ಮಂದಿಗೆ, ಇಲ್ಲದ ಖಿನ್ನತೆಯನ್ನು ಇದೆ ಎನ್ನುತ್ತದೆ. ಒಟ್ಟು 141 ಜನರ ಮೊಬೈಲು ‘ನಿಮಗೆ ಖಿನ್ನತೆ ಇರಬಹುದು’ ಎಂದರೆ ಅದು ನಿಜವಾಗುವುದು ಹೆಚ್ಚುಕಡಿಮೆ ಆರರಲ್ಲಿ ಒಬ್ಬರಿಗೆ. ಈಗಾಗಲೇ ತೊಂದರೆ ಇರುವವರೇ ಇಂಥ ಪಟ್ಟಿ ತುಂಬುತ್ತಾರಾದ್ದರಿಂದ ವಾಸ್ತವದಲ್ಲಿ ಪ್ರಮಾಣ ಇದಕ್ಕಿಂತ ವಾಸಿ ಇದ್ದೀತು, ಒಪ್ಪುತ್ತೇನೆ. ಆದರೂ ಜರಡಿ ಹಿಡಿಯಲೆಂದು ಮಾಡಿದ ಪಟ್ಟಿಯನ್ನು ತೀರ್ಪು ಎಂದು ಓದಿಕೊಂಡರೆ ತಪ್ಪು ಪಟ್ಟಿಯದಲ್ಲ. ಅಂಕದ ಆಚೆಗೆ ನೋಡಬೇಕಾದದ್ದನ್ನು ರೋಗನಿರ್ಣಯದ ಕೈಪಿಡಿಗಳು ಹೇಳುತ್ತವೆ: ಖಿನ್ನತೆಯ ಲಕ್ಷಣಗಳು ಎರಡು ವಾರವಾದರೂ ಬಿಡದೆ ಇರಬೇಕು, ದಿನದ ಬದುಕನ್ನು ಕೆಡಿಸಿರಬೇಕು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು 12 ವರ್ಷದೊಳಗೇ ಕಂಡಿರಬೇಕು, ಮನೆಯಲ್ಲೂ ಶಾಲೆಯಲ್ಲೂ ಎರಡೂ ಕಡೆ ಕಂಡಿರಬೇಕು. 24ರ ವಯಸ್ಸಿನಲ್ಲಿ, ದಿನಕ್ಕೆ ಹನ್ನೆರಡು ತಾಸು ಓದಲು ಕೂತು, ನಡುನಡುವೆ ಮೊಬೈಲ್ ನೋಡಿ, ಗಮನ ನಿಲ್ಲುತ್ತಿಲ್ಲ ಎನ್ನುವವನಿಗೆ ಈ ಪ್ರಶ್ನೆಗಳನ್ನು ಕೇಳುವವರು ಬೇಕು. ಉತ್ತರ ಇರುವುದು ಅವನ ಹಳೆಯ ಮೇಷ್ಟ್ರ ಹತ್ತಿರ, ಅವ್ವನ ಹತ್ತಿರ.

ವಿಡಿಯೊಗಳ ವಿಷಯ ಬೇಗ ಮುಗಿಸಬಹುದು. 2022ರಲ್ಲಿ ಕೆನಡಾದ ಸಂಶೋಧಕರು ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ನೋಡಲ್ಪಟ್ಟ ಎಡಿಎಚ್‌ಡಿ ಕುರಿತ ನೂರು ವಿಡಿಯೊಗಳನ್ನು ಪರಿಶೀಲಿಸಿದಾಗ 52 ದಾರಿ ತಪ್ಪಿಸುವಂಥವಾಗಿದ್ದವು. ನಮ್ಮಲ್ಲಿ ಟಿಕ್‌ಟಾಕ್ 2020ರಲ್ಲೇ ಬಂದ್ ಆಯಿತು, ರೀಲ್ಸ್ ಮತ್ತು ಶಾರ್ಟ್ಸ್ ಆ ಜಾಗ ತುಂಬಿವೆ. ಕೋವಿಡ್ ಕಾಲದಲ್ಲಿ ಜರ್ಮನಿಯ ವೈದ್ಯರು ಇದಕ್ಕಿಂತ ವಿಚಿತ್ರವಾದದ್ದನ್ನು ಕಂಡರು: ತಡೆಯಲಾಗದ ಚೇಷ್ಟೆ, ಉದ್ಗಾರಗಳು ಬರುವ ಟುರೆಟ್ ಕಾಯಿಲೆಯ ಯುವಕನೊಬ್ಬನ ಯೂಟ್ಯೂಬ್ ಚಾನೆಲ್ ನೋಡುತ್ತಿದ್ದ ಹರೆಯದವರಲ್ಲಿ ಅವನವೇ ಮಾತು, ಅವನವೇ ಚೇಷ್ಟೆಗಳು ಕಾಣಿಸಿಕೊಂಡವು. ಅವರು ನಟಿಸುತ್ತಿರಲಿಲ್ಲ, ಟುರೆಟ್ ಕೂಡ ಇರಲಿಲ್ಲ. ಹೆಸರು ರೋಗವನ್ನು ಗುರುತಿಸುವುದಷ್ಟೇ ಅಲ್ಲ, ಕೆಲವೊಮ್ಮೆ ಲಕ್ಷಣಕ್ಕೆ ಆಕಾರವನ್ನೂ ಕೊಡುತ್ತದೆ. ಹಾಗೆಂದು ಸಾಮಾನ್ಯ ಓದುಗರು ಮನೋವಿಜ್ಞಾನವನ್ನು ಮುಟ್ಟಬಾರದೆಂದು ಹೇಳುವುದು ಕನ್ನಡಕ್ಕೆ ಒಪ್ಪುವ ಮಾತಲ್ಲ. ‘ರಾಶಿ’ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಭಾಷೆ ಇದು. ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕಗಳನ್ನು, ಪತ್ರಿಕೆಯ ಪ್ರಶ್ನೋತ್ತರಗಳನ್ನು ಓದಿಯೇ ಆಸ್ಪತ್ರೆಯ ಮೆಟ್ಟಿಲು ಹತ್ತುವ ಧೈರ್ಯ ಮಾಡಿದವರು ಎರಡು ತಲೆಮಾರುಗಳಲ್ಲಿ ಇದ್ದಾರೆ. ಅಲ್ಲಿ ವಿವರಣೆ ವೈದ್ಯರ ಬಳಿ ಹೋಗಿ ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಮೂವತ್ತು ಸೆಕೆಂಡಿನ ವಿಡಿಯೊ ಫಾಲೋ ಮಾಡಿ ಎಂಬಲ್ಲಿ ಮುಗಿಯುತ್ತದೆ.

ಹೆಸರು ಬರೀ ಹೆಸರಾಗಿ ಉಳಿದಿದ್ದರೆ ಇಷ್ಟು ಚಿಂತೆ ಬೇಡವಾಗಿತ್ತು. ಅದರ ಹಿಂದೆಯೇ ಗುಳಿಗೆ ಬರುತ್ತದೆ. ಬೈಪೋಲಾರ್ ಕಾಯಿಲೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಮನಸ್ಸು ಕುಗ್ಗುವ ಕಾಲವೂ ಅತಿಯಾಗಿ ಉಬ್ಬುವ ಕಾಲವೂ ಇವೆ. ಕುಗ್ಗಿದಾಗ ನೋವು ಗೊತ್ತಾಗುತ್ತದೆ. ಉಬ್ಬಿದಾಗ ನಿದ್ದೆ ಇಲ್ಲದೆಯೂ ದಣಿವಿಲ್ಲ, ಸಾಲ ಮಾಡಿ ಟ್ರ್ಯಾಕ್ಟರ್ ತರುವಷ್ಟು ಹುಮ್ಮಸ್ಸು, ಕಾಯಿಲೆ ಎಂಬ ಪ್ರಶ್ನೆಯೇ ತಲೆಗೆ ಹೊಳೆಯದು. ಆದ್ದರಿಂದ ತಾನೇ ಪರೀಕ್ಷಿಸಿಕೊಂಡವನಿಗೆ ಕಾಣುವುದು ಖಿನ್ನತೆ ಮಾತ್ರ. ಮೊದಲ ಸಲ ನೋಡಿದ ವೈದ್ಯರೇ ಇಲ್ಲಿ ಎಡವುತ್ತಾರೆ: 2000ದಲ್ಲಿ ಅಮೆರಿಕದ ಬೈಪೋಲಾರ್ ರೋಗಿಗಳ ನಡುವೆ ನಡೆದ ಸಮೀಕ್ಷೆಯಲ್ಲಿ ಶೇ 69ರಷ್ಟು ಮಂದಿ ತಮಗೆ ಮೊದಲು ತಪ್ಪು ನಿರ್ಣಯ ಆಗಿತ್ತು ಎಂದರು, ಹೆಚ್ಚಿನವರಿಗೆ ಸಿಕ್ಕಿದ್ದ ಹೆಸರು ಖಿನ್ನತೆಯೇ. ಇಂಥವರು ಖಿನ್ನತೆಯ ಗುಳಿಗೆಯನ್ನು ಒಂದನ್ನೇ ತೆಗೆದುಕೊಂಡರೆ ಉಬ್ಬು ಕೆರಳುವ ಸಂಭವ ಇದೆ. ನಿದ್ದೆ ಗುಳಿಗೆಯ ಕತೆ ಇನ್ನೂ ಸಾಮಾನ್ಯ. ಆಲ್ಪ್ರಜೋಲಾಮ್ ಎಚ್1 ಪರಿಚ್ಛೇದದ ಔಷಧ, ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ, ಕೊಟ್ಟದ್ದನ್ನು ಅಂಗಡಿಯವರು ದಾಖಲಿಸಿಡಬೇಕು. ಆದರೆ ಒಮ್ಮೆ ಯಾರೋ ಬರೆದ ಚೀಟಿ ಮನೆಮಂದಿಗೆಲ್ಲ ವರ್ಷಗಟ್ಟಲೆ ಓಡಾಡುವುದು ನಮ್ಮ ಕಡೆ ಹೊಸದಲ್ಲ. ಕೆಲವು ವಾರಗಳಲ್ಲೇ ಮೈ ಅದಕ್ಕೆ ಒಗ್ಗುತ್ತದೆ, ಥಟ್ಟನೆ ಬಿಟ್ಟರೆ ಮೊದಲಿಗಿಂತ ಹೆಚ್ಚು ಆತಂಕ, ಕೆಲವರಿಗೆ ಫಿಟ್ಸ್. ಹಾಗೆ ಮರುಕಳಿಸಿದ ಆತಂಕವೇ ‘ನನ್ನ ಕಾಯಿಲೆ ದೊಡ್ಡದು’ ಎಂಬ ಸ್ವಂತ ನಿರ್ಣಯಕ್ಕೆ ಪುರಾವೆಯಾಗುತ್ತದೆ.

ಮುಚ್ಚಿಡುವ ಬಗೆಯ ನಿರ್ಣಯಕ್ಕೆ ಮರಳೋಣ. ವಿಶ್ವ ಆರೋಗ್ಯ ಸಂಸ್ಥೆ 14 ದೇಶಗಳ 15 ಕೇಂದ್ರಗಳಲ್ಲಿ, ಬೆಂಗಳೂರೂ ಸೇರಿ, ನಡೆಸಿದ ಅಧ್ಯಯನದ ಮಾಹಿತಿಯನ್ನು 1999ರಲ್ಲಿ ವಿಶ್ಲೇಷಿಸಿದಾಗ ಕಂಡದ್ದು ಹೀಗೆ: ಖಿನ್ನತೆ ಇದ್ದು ಸಾಮಾನ್ಯ ವೈದ್ಯರ ಬಳಿ ಬಂದವರಲ್ಲಿ ಶೇ 69ರಷ್ಟು ಮಂದಿ ಹೇಳಿಕೊಂಡದ್ದು ಬರೀ ಮೈಯ ತೊಂದರೆ. ಹಾಗಾಗಿ ತಲೆ ಭಾರ, ಮೈ ಉರಿ, ಎದೆ ಡವಡವ ಎನ್ನುವ ನಮ್ಮ ಹೆಂಗಸರದು ಹಳ್ಳಿಯ ಅಜ್ಞಾನ ಎನ್ನುವುದು ಸುಳ್ಳು. ಲೋಕವೆಲ್ಲ ಹಾಗೆಯೇ ಹೇಳಿಕೊಳ್ಳುತ್ತದೆ. ಗ್ಯಾಸು, ಅಶಕ್ತಿ ಎಂಬ ಹೆಸರುಗಳಿಗೆ ಇನ್ನೊಂದು ಸೌಕರ್ಯವೂ ಇದೆ, ಅವುಗಳಿಂದ ಮಗಳ ಲಗ್ನ ನಿಲ್ಲುವುದಿಲ್ಲ. ದೇವರ ಮೊರೆಯ ಬಗ್ಗೆಯೂ ಅವಸರದ ತೀರ್ಪು ಬೇಡ. ನಿಮ್ಹಾನ್ಸ್‌ನ ಸಂಶೋಧಕರು ತಮಿಳುನಾಡಿನ ಗುಡಿಯೊಂದರಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಗಮನಿಸಿ 2002ರಲ್ಲಿ ಬರೆದ ವರದಿಯ ಪ್ರಕಾರ ಔಷಧವಿಲ್ಲದೆಯೂ ಅವರ ಲಕ್ಷಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಬೈಗುಳವಿಲ್ಲದ, ಊಟ ನಿದ್ದೆ ಸಿಗುವ ಜಾಗ ಯಾರಿಗಾದರೂ ಒಳ್ಳೆಯದೇ. ಗುರುಗುಂಟಾದ ಅಮರೇಶ್ವರನಿಗೆ ನಡೆದುಕೊಳ್ಳುವುದರಿಂದ ಯಾರಿಗೂ ನಷ್ಟವಿಲ್ಲ. ನಷ್ಟ ಆಗುವುದು ಹರಕೆ ತೀರಿಸಿದ ಮೇಲೂ ಮಗ ಗೋಡೆಯ ಜೊತೆ ಮಾತಾಡುತ್ತಿದ್ದಾಗ, ಇನ್ನೊಂದು ಗುಡಿ, ಇನ್ನೊಂದು ದರ್ಗಾ ಎಂದು ವರ್ಷ ಕಳೆದಾಗ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಸರಪಳಿ ಬಿಗಿದಿದ್ದ 28 ಮಂದಿ ಬೆಂಕಿಗೆ ಸಿಕ್ಕಿ ಸತ್ತದ್ದು ಅಂಥ ಅಲೆದಾಟದ ಕೊನೆಯ ನಿಲ್ದಾಣದಲ್ಲಿ.

ಹೆಸರು ಹಚ್ಚಿಕೊಳ್ಳುವ ಬಗೆಯಲ್ಲಿ ಇನ್ನೊಂದು ಮುಳ್ಳು ಇದೆ, ಅದು ಹೆಚ್ಚಾಗಿ ಚುಚ್ಚುವುದು ಹೆಂಗಸರನ್ನು. ಹಿಂದೂ ವಿವಾಹ ಕಾಯ್ದೆಯ 13ನೇ ವಿಧಿಯಡಿ ಮಾನಸಿಕ ಅಸ್ವಸ್ಥತೆ ವಿಚ್ಛೇದನಕ್ಕೆ ಒಂದು ಆಧಾರ. ರಾಮನಾರಾಯಣ ಗುಪ್ತ ಪ್ರಕರಣದಲ್ಲಿ 1988ರಲ್ಲೇ ಸುಪ್ರೀಂ ಕೋರ್ಟ್ ಸ್ಕಿಜೋಫ್ರೇನಿಯಾ ಎಂಬ ಹಣೆಪಟ್ಟಿ ಹಚ್ಚಿದರೆ ಸಾಲದು, ಸಂಗಾತಿಯ ಜೊತೆ ಬಾಳಲಾಗದಷ್ಟು ತೀವ್ರತೆ ಇದೆಯೇ ಎಂದು ನೋಡಬೇಕು ಎಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ವಿಧಿಯೂ ಮನೋರೋಗವನ್ನು ಮಾನ್ಯ ವೈದ್ಯಕೀಯ ಮಾನದಂಡಗಳಿಂದಲೇ ನಿರ್ಧರಿಸಬೇಕು ಎನ್ನುತ್ತದೆ. ಕಾನೂನು ಇಷ್ಟು ಎಚ್ಚರವಾಗಿರುವಾಗ ಮನೆಗಳು ಎಚ್ಚರವಾಗಿಲ್ಲ. ಗಂಡನ ಮನೆಯಲ್ಲಿ ಬೇಸತ್ತ ಸೊಸೆ ಸ್ಟೇಟಸ್‌ನಲ್ಲಿ ತಾನೇ ಹಾಕಿಕೊಂಡ ‘ಡಿಪ್ರೆಶನ್’ ನಾಳೆ ಪಂಚಾಯ್ತಿಯಲ್ಲಿ ‘ಹುಚ್ಚಿ’ ಎಂಬುದಕ್ಕೆ ಪುರಾವೆಯಾಗಿ ಬರಬಹುದು, ಅವಳಿಗಿದ್ದ ತೊಂದರೆ ಕುಡಿಯುವ ಗಂಡನೇ ಆಗಿದ್ದರೂ. ಬೆಳೆ ಕೈಕೊಟ್ಟು ಸಾಲ ತೀರದ ರೈತನ ಸಂಕಟವನ್ನು ಮೆದುಳಿನ ರಾಸಾಯನಿಕದ ಏರುಪೇರು ಎಂದು ಅವನೇ ನಂಬಿಬಿಟ್ಟರೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬಾರದ ಪ್ರಶ್ನೆ ಯಾರ ಮೇಲೂ ಬೀಳದು.

ಇಷ್ಟಾದರೂ ಎರಡು ಆಕ್ಷೇಪಗಳು ಗಟ್ಟಿಯಾಗಿ ನಿಲ್ಲುತ್ತವೆ. ವೈದ್ಯರ ನಿರ್ಣಯವಾದರೂ ಅಷ್ಟು ಖಚಿತವೇ? ಅಲ್ಲ. ಅಮೆರಿಕದ ಡಿಎಸ್‌ಎಂ-5 ಕೈಪಿಡಿಯ ಕ್ಷೇತ್ರ ಪರೀಕ್ಷೆಯಲ್ಲಿ ಇಬ್ಬರು ತಜ್ಞರು ಒಬ್ಬನೇ ರೋಗಿಯನ್ನು ಬೇರೆಬೇರೆಯಾಗಿ ನೋಡಿದಾಗ ತೀವ್ರ ಖಿನ್ನತೆಯ ವಿಷಯದಲ್ಲಿ ಅವರ ಒಮ್ಮತದ ಅಳತೆ ಕೇವಲ 0.28 ಬಂತು. ಒಂದು ಎಂದರೆ ಪೂರ್ಣ ಒಮ್ಮತ, ಸೊನ್ನೆ ಎಂದರೆ ಕಾಕತಾಳೀಯ. ತಲೆ ತಗ್ಗಿಸುವ ಅಂಕಿ. ಆದರೆ ಆಸ್ಪತ್ರೆಯ ನಿರ್ಣಯಕ್ಕೆ ಇರುವ ಬೆಲೆ ಅದು ತಪ್ಪದೆ ಇರುವುದರಿಂದ ಬಂದದ್ದಲ್ಲ, ತಿದ್ದಿಕೊಳ್ಳುವ ದಾರಿ ಇರುವುದರಿಂದ ಬಂದದ್ದು. ಅದು ಕಾಗದದ ಮೇಲೆ ಇರುತ್ತದೆ, ಎರಡು ವಾರದ ಮೇಲೆ ಮತ್ತೆ ಬರಹೇಳುತ್ತಾರೆ, ಗುಳಿಗೆ ಕೆಲಸ ಮಾಡದಿದ್ದರೆ ಹೆಸರನ್ನೇ ಪ್ರಶ್ನಿಸುತ್ತಾರೆ, ಮನೆಯವರನ್ನು ಕೇಳುತ್ತಾರೆ. ಸ್ವಂತ ನಿರ್ಣಯಕ್ಕೆ ಮರುಪರಿಶೀಲನೆಯ ದಿನಾಂಕ ಇರುವುದಿಲ್ಲ. ಈಚೆಗೆ ಜನ ಮೊರೆಹೋಗುತ್ತಿರುವ ಚಾಟ್‌ಬಾಟ್‌ಗಳಿಂದಲೂ ಈ ಕೊರತೆ ತುಂಬದು, ಕೇಳಿದವರು ಹೇಳಿದ್ದರ ಮೇಲೆಯೇ ಅವು ಕಟ್ಟುತ್ತಾ ಹೋಗುತ್ತವೆ, ಹೇಳದೆ ಬಿಟ್ಟದ್ದು ಅವುಗಳಿಗೆ ಗೊತ್ತಾಗದು.

ಎರಡನೇ ಆಕ್ಷೇಪ ಇನ್ನೂ ನೇರ: ವೈದ್ಯರೇ ಇಲ್ಲದ ಕಡೆ ಜನ ಇನ್ನೇನು ಮಾಡಬೇಕು? ದೇಶದಲ್ಲಿ ಲಕ್ಷ ಜನಕ್ಕೆ ಮನೋವೈದ್ಯರ ಪ್ರಮಾಣ 0.75 ಎಂದು 2019ರ ಲೆಕ್ಕ, ಅವರೂ ಹೆಚ್ಚಾಗಿ ದೊಡ್ಡ ಊರುಗಳಲ್ಲಿ. ಸಿಂಧನೂರಿನಿಂದಲೋ ಲಿಂಗಸುಗೂರಿನಿಂದಲೋ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ ಬರುವುದೆಂದರೆ ಒಂದೊಂದು ಕಡೆಗೆ 80–90 ಕಿ.ಮೀ., ಇಬ್ಬರ ಒಂದು ದಿನದ ಕೂಲಿ. ಮಸ್ಕಿ ತಾಲ್ಲೂಕು ಎಂದು ಘೋಷಣೆಯಾದ ದಿನವೇ ತಾಲ್ಲೂಕು ಮಟ್ಟದ ಆಸ್ಪತ್ರೆ ಎದ್ದು ನಿಲ್ಲುವುದಿಲ್ಲ. ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಮಾತಿನ ಹಿರಿಯರಿಗೆ ತಮ್ಮ ನೋವನ್ನು ಯಾವ ಭಾಷೆಯಲ್ಲಿ ಹೇಳಬೇಕೆಂಬುದೇ ಸಮಸ್ಯೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದರಿಂದ ಹೊರಡುವ ತೀರ್ಮಾನವನ್ನು ಮಾತ್ರ ಒಪ್ಪಲಾರೆ. ಯಾಕೆಂದರೆ ತುಂಗಭದ್ರೆಯ ಆಚೆ ದಡದಲ್ಲೇ ಬೇರೆ ಉತ್ತರ ಸಿಕ್ಕಿತ್ತು. 1985ರಿಂದ 1990ರವರೆಗೆ ನಿಮ್ಹಾನ್ಸ್ ಸುಮಾರು 20 ಲಕ್ಷ ಜನರಿದ್ದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಅಲ್ಪಾವಧಿ ತರಬೇತಿ ಕೊಟ್ಟು, ಮನೋರೋಗ ಮತ್ತು ಮೂರ್ಛೆರೋಗದ ಅಗತ್ಯ ಔಷಧಗಳನ್ನು ಅಲ್ಲಿಯೇ ಸಿಗುವಂತೆ ಮಾಡಿತು. ಮನೋವೈದ್ಯರು ಊರೂರಿಗೆ ಇಲ್ಲದೆಯೂ ರೋಗ ಗುರುತಿಸಿ ಚಿಕಿತ್ಸೆ ಕೊಡಬಹುದೆಂದು ಗೊತ್ತಾಯಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶದಲ್ಲಿ ಮಾದರಿಯಾದದ್ದು ಇದೇ. ಪಕ್ಕದ ಜಿಲ್ಲೆಯ ಪ್ರಯೋಗ ದೇಶಕ್ಕೆ ಹೋಗಿ ಮಾನ್ವಿ, ಮಸ್ಕಿಗಳಿಗೆ ಅರ್ಧಂಬರ್ಧ ಮರಳಿದ್ದು ಆಡಳಿತದ ಸೋಲು, ಮಾದರಿಯ ಸೋಲಲ್ಲ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ‘ಮನೋಚೈತನ್ಯ’ ಯೋಜನೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಅದೇ ದಾರಿಯ ಮುಂದಿನ ಹೆಜ್ಜೆಗಳು. ಆ ಸಂಖ್ಯೆಗೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಬದುಕು ಸಾಕೆನಿಸುವ ಯೋಚನೆ ಬರುತ್ತಿರುವವರು ರೋಗದ ಹೆಸರಿಗಾಗಿ ಕಾಯಬೇಕಾಗಿಲ್ಲ, ಆ ಹೊತ್ತಿಗೇ ಕರೆ ಮಾಡಬೇಕು.

ಹಾಗಾದರೆ ರೀಲ್ಸ್ ನೋಡಿ ಬಂದ ಸಂಶಯವನ್ನು ಎಸೆಯಬೇಕೇ? ಬೇಡ. ತಮ್ಮ ಬಗ್ಗೆ ತಾವೇ ಅನುಮಾನಿಸಿ, ಆಮೇಲೆ ಪರೀಕ್ಷೆಯಲ್ಲಿ ಆಟಿಸಂ ಇದೆ ಎಂದು ತಿಳಿದುಕೊಂಡ ನಡುವಯಸ್ಸಿನ ಹೆಂಗಸರು ಲೋಕದಲ್ಲಿ ಕಡಿಮೆ ಇಲ್ಲ. ವೈದ್ಯರು ಚಿಕ್ಕಂದಿನಲ್ಲಿ ಅವರನ್ನು ಗುರುತಿಸಿರಲಿಲ್ಲ. ಸಂಶಯ ಅವರನ್ನು ಬಾಗಿಲವರೆಗೆ ತಂದಿತು. ಇಲ್ಲಿ ಆಗಬೇಕಾದದ್ದೂ ಅದೇ, ಆ ಬಾಗಿಲು ಹತ್ತಿರ ಇರಬೇಕು ಅಷ್ಟೇ. ಆಸ್ಪತ್ರೆಗೆ ಹೋಗುವವರು ಕಾಯಿಲೆಯ ಹೆಸರು ಒಯ್ಯುವ ಬದಲು ಈ ವಿವರಗಳನ್ನು ಒಂದು ಚೀಟಿಯಲ್ಲಿ ಬರೆದು ಒಯ್ದರೆ ವೈದ್ಯರ ಹತ್ತು ನಿಮಿಷ ಸಾರ್ಥಕವಾದೀತು: ತೊಂದರೆ ಯಾವಾಗ ಶುರುವಾಯಿತು, ನಿದ್ದೆ ಎಷ್ಟು ತಾಸು, ಊಟ ಹೇಗೆ, ಕುಡಿತ ಇದೆಯೇ, ಈಗ ನುಂಗುತ್ತಿರುವ ಗುಳಿಗೆಗಳು ಯಾವುವು, ಅತಿಯಾದ ಹುಮ್ಮಸ್ಸಿನ ದಿನಗಳು ಎಂದಾದರೂ ಇದ್ದವೇ, ಮನೆಯಲ್ಲಿ ಇನ್ನಾರಿಗಾದರೂ ಹೀಗೆ ಆಗಿತ್ತೇ. ಜೊತೆಗೆ ದಿನವೂ ನೋಡುವ ಒಬ್ಬರು ಬರಬೇಕು. ಇನ್ನು ಆರೋಗ್ಯ ಇಲಾಖೆ ಮಾಡಬೇಕಾದದ್ದು ದೊಡ್ಡದೇನಲ್ಲ. ಮಂಗಳವಾರ ಮನೋವೈದ್ಯರು ಯಾವ ಹೊತ್ತಿಗೆ, ಯಾವ ಕೋಣೆಯಲ್ಲಿ ಕೂರುತ್ತಾರೆಂದು ಆಸ್ಪತ್ರೆಯ ಬಾಗಿಲಲ್ಲಿ, ಸಿಂಧನೂರು, ಲಿಂಗಸುಗೂರು, ಮಸ್ಕಿಯ ಬಸ್ ನಿಲ್ದಾಣಗಳಲ್ಲಿ ಕನ್ನಡದಲ್ಲಿ ಬರೆಸಬೇಕು, ಕ್ಯಾಂಪುಗಳಲ್ಲಿ ಬಂಗಾಳಿಯಲ್ಲಿ, ತೆಲುಗಿನಲ್ಲಿ. ಮನಸ್ಸಿನ ತೊಂದರೆ ಎಂದು ಬಂದವರಿಗೆ ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಅದೇ ದಿನ, ಅದೇ ಕಟ್ಟಡದಲ್ಲಿ ಆಗುವಂತೆ ನೋಡಿಕೊಳ್ಳಬೇಕು. ರಕ್ತ ಕೊಟ್ಟು ವರದಿಗಾಗಿ ಇನ್ನೊಂದು ದಿನ ಬನ್ನಿ ಎಂದರೆ, ಕೂಲಿ ಬಿಟ್ಟು ಬಂದ ಹೆಂಗಸು ಮತ್ತೆ ಬರುವುದಿಲ್ಲ.